ತಗಡಿನ ಡಬ್ಬದಲ್ಲಿದ್ದ ತುಟಿಬಣ್ಣ

ಕಳೆದ ಹದಿನೈದು ದಿನಗಳಿಂದ ನಮ್ಮ ಬಂಧುವರ್ಗದಲ್ಲಿ ಒಂದು ಸುದ್ದಿ ಓಡಾಡುತ್ತಿದೆ. ನಾನು ಪ್ರಾಯದಲ್ಲಿ ಲಿಪ್‌ಸ್ಟಿಕ್ ಹಚ್ಚಿಕೊಳ್ಳುತ್ತಿದ್ದೆನಂತೆ! ಹಾಸನದಿಂದ ನನ್ನ ನಾದಿನಿ ಫೋನು ಮಾಡಿ, "ಅತ್ತಿಗೆ, ಇಷ್ಟು ವರ್ಷ ನಮಗೆ ಸುಳಿವೇ ಕೊಡಲಿಲ್ಲವಲ್ಲ" ಎಂದು ಹಾಸ್ಯ ಮಾಡಿದಳು. ತಂಗಿಯ ಮಗ, "ದೊಡ್ಡಮ್ಮ, ಫೋಟೋ ಇದ್ದರೆ ಕಳಿಸಿ" ಎಂದ. ಸುದ್ದಿಯ ಮೂಲ ನನ್ನ ಮೊಮ್ಮಗಳು. ಅವಳ ತಪ್ಪೇನೂ ಇಲ್ಲ. ಅವಳಿಗೆ ಹಾಗೆಂದು ಹೇಳಿದವಳು ನಾನೇ. ಹೇಳಿದ್ದು ನಿಜವಲ್ಲವಾದ್ದರಿಂದ ಈಗ ತಿದ್ದಬೇಕಾಗಿದೆ. ಅದಕ್ಕೆ ಸ್ವಲ್ಪ ದೂರದಿಂದ ಬರಬೇಕು. ಓದುಗರು ಸಹನೆ ತೋರಬೇಕು.

ಮನೆಗೆ ಬಣ್ಣ ಬಳಿಸುವ ಸಲುವಾಗಿ ಅಟ್ಟದ ಮೇಲಿನ ಟ್ರಂಕುಗಳನ್ನೆಲ್ಲ ಕೆಳಗಿಳಿಸಿದ್ದೆವು. ಒಂದು ಟ್ರಂಕಿನ ತಳದಲ್ಲಿ, ಹಳೆಯ ಸೀರೆಯೊಂದರ ಮಡಿಕೆಯೊಳಗೆ, ಬಿಸ್ಕತ್ತಿನ ತಗಡಿನ ಡಬ್ಬ ಸಿಕ್ಕಿತು. ಅದು ನನ್ನ ಅಲಂಕಾರದ ಪೆಟ್ಟಿಗೆ. ಅಲಂಕಾರ ಎಂಬ ಮಾತು ದೊಡ್ಡದಾಯಿತೇನೋ. ನನ್ನ ವಿದ್ಯಾರ್ಥಿಗಳು ನನ್ನನ್ನು ಕಂಡದ್ದು ಗಂಜಿ ಹಾಕಿದ ಹತ್ತಿಯ ಸೀರೆ, ಒಂದು ಬೊಟ್ಟು, ಕೈತುಂಬ ಸೀಮೆಸುಣ್ಣದ ಪುಡಿ, ಇಷ್ಟರಲ್ಲೇ. 2011ರಲ್ಲಿ ನಿವೃತ್ತಳಾದ ಮೇಲೆ ಡಬ್ಬವನ್ನು ತೆರೆಯುವುದು ವಿರಳವಾಯಿತು. 2014ರಲ್ಲಿ ನಮ್ಮ ಯಜಮಾನರು ಹೋದ ಮೇಲೆ ಪೂರ್ತಿ ನಿಂತಿತು. ಬೊಟ್ಟನ್ನು ಮಾತ್ರ ನಾನು ಬಿಡಲಿಲ್ಲ. ಆ ಕುರಿತು ಕೆಲವರು ಆಡಿದ ಮಾತು ನನ್ನ ಕಿವಿಗೆ ಬಿದ್ದಿದೆ. ಅದಿರಲಿ.

ಮೊಮ್ಮಗಳು ಡಬ್ಬದ ಮುಚ್ಚಳವನ್ನು ಚಮಚದ ಹಿಡಿಯಿಂದ ಮೀಟಿ ತೆಗೆದಳು. ಮೊದಲು ಕೈಗೆ ಬಂದದ್ದು ಅಂಗೈಯಗಲದ ಒಂದು ತೆಂಗಿನ ಚಿಪ್ಪು. ಅದರ ಒಳಮೈಗೆ ಕಪ್ಪಾದ, ಗಾಜಿನಂತೆ ಹೊಳೆಯುವ ಲೇಪ. "ಇದೇನಜ್ಜಿ, ಟಾರು?" ಎಂದಳು. ಟಾರಲ್ಲ, ಸಾದು. ನನ್ನ ತಾಯಿಯ ಕೈಯದು. ಸಬ್ಬಕ್ಕಿಯನ್ನು ಕಬ್ಬಿಣದ ಬಾಣಲೆಯಲ್ಲಿ ಕರಕಾಗುವ ತನಕ ಹುರಿದು, ನೀರು ಹಾಕಿ, ಮಂದವಾಗುವ ತನಕ ಕುದಿಸಿ ಚಿಪ್ಪಿಗೆ ಸುರಿದು, ಬಿಸಿಲಿನಲ್ಲಿಟ್ಟು ಒಣಗಿಸುತ್ತಿದ್ದರು. ಹುರಿಯುವಾಗ ಏಳುವ ಹೊಗೆಗೆ ಅಡಿಗೆಮನೆಯಲ್ಲಿ ಯಾರೂ ನಿಲ್ಲುವಂತಿರಲಿಲ್ಲ. ಅಮ್ಮ ಮಾತ್ರ ಸೆರಗನ್ನು ಮೂಗಿಗೆ ಹಿಡಿದು ನಿಂತಿರುತ್ತಿದ್ದರು. ಒಂದು ಚಿಪ್ಪು ವರ್ಷಗಟ್ಟಲೆ ಬರುತ್ತಿತ್ತು. ಬೆರಳಿಗೆ ಒಂದು ಹನಿ ನೀರು ಮಾಡಿಕೊಂಡು ಉಜ್ಜಿದರೆ ಬೊಟ್ಟು ಸಿದ್ಧ. ಅಂಟಿಸುವ ಬೊಟ್ಟು ಬಂದ ಮೇಲೆ ಸಾದನ್ನು ಕೇಳುವವರಿಲ್ಲವಾಯಿತು, ನಾನೂ ಕೇಳಲಿಲ್ಲ. ಡಬ್ಬದಲ್ಲಿ ಆ ಅಂಟುಬೊಟ್ಟಿನ ಹಾಳೆಗಳೂ ಇದ್ದವು. ಅಂಟೆಲ್ಲ ಒಣಗಿ, ಹಾಳೆ ಎತ್ತಿದೊಡನೆ ಬೊಟ್ಟುಗಳು ನೆಲಕ್ಕೆ ಉದುರಿದವು. ಅಮ್ಮನ ಸಾದನ್ನು ನೀರು ಮುಟ್ಟಿಸಿ ಉಜ್ಜಿದೆ. ಎರಡು ನಿಮಿಷ ಹಟ ಮಾಡಿತು; ಆಮೇಲೆ ಬಣ್ಣ ಬಿಟ್ಟಿತು! ಮೊಮ್ಮಗಳ ಹಣೆಗೆ ಒಂದು, ನನ್ನ ಹಣೆಗೆ ಒಂದು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ತಳಕ್ಕೆ ಗಟ್ಟಿಯಾಗಿ ಹತ್ತಿದ ದ್ರವಕುಂಕುಮದ ಪುಟ್ಟ ಸೀಸೆ. ಮದುವೆಯ ಹೊಸತರಲ್ಲಿ ಅತ್ತಿಗೆಯೊಬ್ಬರು ಕೊಟ್ಟ ಲ್ಯಾಕ್ಮೆ ಉಗುರುಬಣ್ಣ. ಹಚ್ಚಿದ್ದು ಒಂದೇ ಸಲ. (1952ರಲ್ಲಿ ಟಾಟಾ ಸಂಸ್ಥೆಯವರು ಆರಂಭಿಸಿದ ಈ ಕಂಪನಿಯ ಹೆಸರು ನಮ್ಮ ಲಕ್ಷ್ಮಿಯದೇ, ಫ್ರೆಂಚ್ ಸಂಗೀತನಾಟಕವೊಂದರ ನಾಯಕಿಯ ಹೆಸರಾಗಿ, ವೇಷ ಬದಲಿಸಿಕೊಂಡು ಮರಳಿ ಬಂದವಳು.) ಮುಂಬಯಿಯ ಅಫಘಾನ್ ಸ್ನೋದ ಬರಿಯ ಸೀಸೆ, ಅದೂ ಅಮ್ಮನದು. ಹರಳೆಣ್ಣೆ ದೀಪದ ಮಸಿಯಿಂದ ಮಾಡಿದ ಕಾಡಿಗೆಯ ಹಿತ್ತಾಳೆಯ ಕರಡಿಗೆ. ಕಣ್ಣಿಗೆ ಹಚ್ಚುವ ಇಂಥ ವಸ್ತುವನ್ನು ವರ್ಷಗಳ ಮೇಲೆ ಬಳಸಬಾರದು, ಸೋಂಕು ತಗಲುತ್ತದೆ ಎಂದು ಮೊಮ್ಮಗಳಿಗೆ ಹೇಳಿ ಅದನ್ನು ಬೇರೆ ಇಟ್ಟೆ.

ಪೌಡರಿನ ತಗಡಿನ ಡಬ್ಬಿಯನ್ನು ಅಲುಗಿಸಿದಾಗ ಇನ್ನೂ ಸದ್ದಾಯಿತು. ನನ್ನ ವಿದ್ಯಾರ್ಥಿಗಳಿಗೆ ಈ ಪಾಠ ನೆನಪಿರಬಹುದು. ಖನಿಜಗಳ ಗಡಸುತನದ ಅಳತೆಯಲ್ಲಿ ವಜ್ರಕ್ಕೆ 10, ಟಾಲ್ಕಿಗೆ 1. ಉಗುರಿನಿಂದ ಗೀರಿದರೂ ಗೀರು ಬೀಳುವ ವಸ್ತು ಅದು. ಮುಖದ ಪೌಡರು ಅದರ ನುಣ್ಣನೆಯ ಪುಡಿ. ನಾವು ಸ್ಲೇಟಿನ ಮೇಲೆ ಬರೆದ ಬಳಪವೂ ಅದೇ ವಂಶದ ಕಲ್ಲು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯ ಶಿಲೆಯನ್ನೂ ಜನ ಬಳಪದ ಕಲ್ಲೆಂದೇ ಕರೆಯುವುದು. ಅಗೆದಾಗ ಮೃದುವಾಗಿದ್ದು ಗಾಳಿಗೆ ಗಟ್ಟಿಯಾಗುವುದರಿಂದಲೇ ಶಿಲ್ಪಿಗಳಿಗೆ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ಪ್ರವಾಸಕ್ಕೆ ಕರೆದೊಯ್ದಾಗ ದರ್ಪಣಸುಂದರಿಯ ಕೆಳಗೆ ನಿಂತು ಪ್ರತಿವರ್ಷವೂ ನಾನು ಇದನ್ನು ಹೇಳುತ್ತಿದ್ದೆ. ಕನ್ನಡಿ ನೋಡಿಕೊಳ್ಳುವ ಸುಂದರಿ, ಅವಳ ಮೈಯ ಕಲ್ಲು, ನಿಮ್ಮ ಕೈಯ ಬಳಪ, ನಿಮ್ಮ ಮುಖದ ಪೌಡರು ಎಲ್ಲ ನೆಂಟರು ಎಂದರೆ ಹುಡುಗಿಯರು ನಗುತ್ತಿದ್ದರು.

ಡಬ್ಬದ ಮೂಲೆಯಲ್ಲಿ, ಕೊನೆಯದಾಗಿ, ಒಂದು ಲಿಪ್‌ಸ್ಟಿಕ್ ಇತ್ತು. ಹೆಸರಿನ ಚೀಟಿ ಅಳಿಸಿಹೋಗಿದೆ. ತಿರುಗಿಸಿದೆ. ದಾಸವಾಳದ ಕೆಂಪು ಕಂದುಗಟ್ಟಿ, ಮೇಲೆಲ್ಲ ಎಣ್ಣೆ ಬೆವರಿ ನಿಂತಿತ್ತು. ಲಿಪ್‌ಸ್ಟಿಕ್ಕಿನಲ್ಲಿರುವುದು ಮೇಣ, ಬಣ್ಣ, ಬಹುಮಟ್ಟಿಗೆ ನಮ್ಮ ಹರಳೆಣ್ಣೆ. ಹಳತಾದರೆ ಎಣ್ಣೆ ಕಮಟುತ್ತದೆ. ಮೊಮ್ಮಗಳು, "ಇದು ಯಾರದಜ್ಜಿ?" ಎಂದಳು. "ನನ್ನದೇ" ಎಂದುಬಿಟ್ಟೆ.

ಅದು ನನ್ನದಲ್ಲ.

1988. ಹಾಸನ ಜಿಲ್ಲೆಯ ಒಂದು ಊರಿನ ಪ್ರೌಢಶಾಲೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಸೋಮವಾರ ಬೆಳಿಗ್ಗೆ ತುಟಿಗೆ ಬಣ್ಣ ಹಚ್ಚಿಕೊಂಡು ಬಂದಳು. ಬಹಳ ಗಾಢವಾಗಿಯೇನೂ ಇರಲಿಲ್ಲ. ಆದರೆ ಹಿಂದಿನ ಬೆಂಚಿನ ಹುಡುಗರು ಕಿಸಕ್ಕೆಂದರು, ನನಗೆ ಸಿಟ್ಟು ಬಂತು. ಆ ಕಾಲಕ್ಕೆ ನನ್ನ ಸಿಟ್ಟು ಎಂಥದೆಂದು ಇದನ್ನು ಓದುತ್ತಿರುವ ಹಲವರಿಗೆ ಗೊತ್ತು. ನಗುತ್ತಿದ್ದ ಹುಡುಗರನ್ನು ಬಿಟ್ಟು ಅವಳನ್ನು ಎಬ್ಬಿಸಿದೆ. "ಇದು ಶಾಲೆಯೋ, ನಾಟಕದ ಕಂಪನಿಯೋ?" ಎಂದೆ. ಚೀಲ ತೆರೆಸಿ ಲಿಪ್‌ಸ್ಟಿಕ್ ತೆಗೆಸಿಕೊಂಡೆ. ನಲ್ಲಿಯ ಹತ್ತಿರ ಹೋಗಿ ತೊಳೆದುಕೊಂಡು ಬಾ ಎಂದೆ. ನಲ್ಲಿ ತರಗತಿಯ ಕಿಟಕಿಯ ಎದುರಿಗೇ ಇತ್ತು. ಅವಳು ಹೋಗಲು ಹಿಂಜರಿದಳು. "ಬೇಡ ಮೇಡಂ" ಎಂದಷ್ಟೇ ಹೇಳಿದಳು. ಅದನ್ನು ಉದ್ಧಟತನವೆಂದು ತಿಳಿದು ನಾನೇ ರಟ್ಟೆ ಹಿಡಿದು ಕರೆದೊಯ್ದೆ.

ತೊಳೆದು ಮುಖ ಎತ್ತಿದಾಗ ಕಂಡಿತು. ಕೆಳತುಟಿಯ ಬಲಗಡೆ, ಅಕ್ಕಿಯ ಕಾಳಿನಷ್ಟಗಲದ ಎರಡು ಮಚ್ಚೆಗಳು, ಸುಣ್ಣದಷ್ಟು ಬಿಳಿ. ತೊನ್ನು.

ನಾನು ವಿಜ್ಞಾನದ ಅಧ್ಯಾಪಕಿ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಶಿಸುವುದರಿಂದ ತೊನ್ನು ಬರುತ್ತದೆ, ಅದು ಕುಷ್ಠವಲ್ಲ, ಅಂಟುರೋಗವಲ್ಲ, ಮುಟ್ಟಿದರೆ ಏನೂ ಆಗುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳ ಜೊತೆ ತರಗತಿಗೆ ಮರಳಿ, ಆ ನಾಲ್ಕು ವಾಕ್ಯಗಳನ್ನು ಹೇಳಲು ಐದು ನಿಮಿಷ ಸಾಕಾಗಿತ್ತು. ಹೇಳಲಿಲ್ಲ. "ಹೋಗಿ ಕೂತುಕೋ" ಎಂದೆ; ಬಿಟ್ಟಿದ್ದ ಪಾಠವನ್ನು ಬಿಟ್ಟಲ್ಲಿಂದ ಮುಂದುವರಿಸಿದೆ. ಮಧ್ಯಾಹ್ನದ ಹೊತ್ತಿಗೆ ಇಡೀ ಶಾಲೆಗೆ ಸುದ್ದಿ ತಿಳಿದಿತ್ತು. ಅವಳ ಬೆಂಚಿನಲ್ಲಿ ಮೂವರು ಕೂರುತ್ತಿದ್ದರು. ಮಾರನೆಯ ದಿನದಿಂದ ಅವಳೊಬ್ಬಳೇ.

ಅವಳ ತಾಯಿ ವಾರದ ಮೇಲೆ ಬಂದರು. ಜಗಳಕ್ಕಲ್ಲ. "ಅವಳ ಅಕ್ಕನಿಗೆ ಗಂಡು ನೋಡುತ್ತಿದ್ದೇವಮ್ಮ, ಯಾರಿಗೂ ತಿಳಿಯಬಾರದು ಅಂತ ನಾನೇ ಹಚ್ಚಿ ಕಳಿಸಿದ್ದೆ" ಎಂದರು. ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂರಿಸಿ ತುಟಿ ಸುಟ್ಟು ಬೊಕ್ಕೆ ಎದ್ದ ಕಥೆಯನ್ನೂ ಹೇಳಿದರು. ನಾನು ಕುರ್ಚಿಯ ಮೇಲೆ, ಅವರು ನಿಂತೇ ಇದ್ದರು. ಲಿಪ್‌ಸ್ಟಿಕ್ ಆಗ ನನ್ನ ಕೈಚೀಲದಲ್ಲೇ ಇತ್ತು. ಕೊಡಲಿಲ್ಲ. ಕೊಟ್ಟರೆ ನಾನು ತಪ್ಪು ಮಾಡಿದೆನೆಂದು ಒಪ್ಪಿದಂತಾಗುತ್ತಿತ್ತು. ಅವರೂ ಕೇಳಲಿಲ್ಲ.

ಆ ವರ್ಷದ ಬೇಲೂರು ಪ್ರವಾಸಕ್ಕೆ ಅವಳೂ ಬಂದಿದ್ದಳು. ದರ್ಪಣಸುಂದರಿಯ ಕೆಳಗೆ ನಾನು ಎಂದಿನಂತೆ ಬಳಪ, ಪೌಡರು, ಕಲ್ಲಿನ ನೆಂಟಸ್ತಿಕೆಯ ಮಾತಾಡಿದೆ, ಎಲ್ಲರೂ ನಕ್ಕರು. ಅವಳು ಹಿಂದೆ, ಕಂಬದ ಬಳಿ, ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ನಿಂತಿದ್ದಳು. ಪರೀಕ್ಷೆ ಬರೆದಳು, ಒಳ್ಳೆಯ ಅಂಕಗಳಲ್ಲೇ ತೇರ್ಗಡೆಯಾದಳು. ಆಮೇಲೆ ಆ ಕುಟುಂಬ ಊರು ಬಿಟ್ಟಿತು.

ನನಗೆ ಮೂರು ಕಡೆ ವರ್ಗವಾಯಿತು. ಡಬ್ಬವೂ ನನ್ನೊಡನೆ ಬಂತು. ಎಸೆಯಲು ಕೈ ಬರಲಿಲ್ಲ, ನೋಡಲು ಮನಸ್ಸು ಬರಲಿಲ್ಲ. ಬರಬರುತ್ತ ಮರೆತೆನೆಂದೇ ಭಾವಿಸಿದ್ದೆ. 2011ರಿಂದ ಜೂನ್ 25ನ್ನು ವಿಶ್ವ ತೊನ್ನು ದಿನವೆಂದು ಆಚರಿಸುತ್ತಾರೆ. ಪತ್ರಿಕೆಯಲ್ಲಿ ಆ ಸುದ್ದಿ ಕಂಡಾಗಲೆಲ್ಲ ಪುಟ ತಿರುವಿಬಿಡುತ್ತಿದ್ದೆ. ಮರೆತವಳು ಪುಟ ತಿರುವುವುದೇಕೆ?

ಇದನ್ನು ಮೊದಲು ಮೊಮ್ಮಗಳಿಗೆ ಓದಿದೆ. ಅವಳೂ ಈ ವರ್ಷ ಹತ್ತನೆಯ ತರಗತಿ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಹಾಗೆ ಮಾಡಿದಿರಾ ಅಜ್ಜಿ?" ಎಂದಳು. ಹೌದು ಎಂದೆ. ಮತ್ತೇನೂ ಕೇಳದೆ ಒಳಗೆ ಹೋದಳು. ಹಣೆಯ ಮೇಲಿನ ಸಾದಿನ ಬೊಟ್ಟನ್ನು ಅಳಿಸಿಕೊಂಡಿರಲಿಲ್ಲ.

ಆ ತರಗತಿಯಲ್ಲಿ ಕಲಿತವರು ಹಲವರು ಇದನ್ನು ಓದುವಿರಿ. ಆ ದಿನ ನಿಮಗೆ ನೆನಪಿರಬಹುದು. ಅವಳೊಡನೆ ಯಾರಿಗಾದರೂ ಸಂಪರ್ಕವಿದ್ದರೆ ನಾನು ಬರೆದದ್ದನ್ನು ಅವಳಿಗೆ ತಲುಪಿಸಿ. ಅವಳ ವಿಳಾಸವನ್ನು ನನಗೆ ಕಳಿಸುವುದು ಬೇಡ. ಬರೆಯಬೇಕೋ ಬೇಡವೋ ಎಂಬುದು ಅವಳಿಗೆ ಬಿಟ್ಟದ್ದು.

ಉಗುರುಬಣ್ಣ, ಪೌಡರು, ಅಂಟುಬೊಟ್ಟು ಎಲ್ಲವೂ ನಿನ್ನೆ ಕಸದ ಗಾಡಿಗೆ ಹೋದವು. ಸಾದಿನ ಚಿಪ್ಪನ್ನು ಮೊಮ್ಮಗಳು ತೆಗೆದುಕೊಂಡಳು. ಲಿಪ್‌ಸ್ಟಿಕ್ಕನ್ನು ಬಿಳಿಯ ಕಾಗದದಲ್ಲಿ ಸುತ್ತಿ, ಮೇಲೆ "1988, ಹತ್ತನೆಯ ತರಗತಿ, ಬಿ ವಿಭಾಗ" ಎಂದು ಬರೆದು ಮೇಜಿನ ಖಾನೆಯಲ್ಲಿಟ್ಟಿದ್ದೇನೆ. ಹೆಸರು ಬರೆದಿಲ್ಲ. ಮರೆತು ಅಲ್ಲ.