ಗ್ಯಾಸಬತ್ತಿಯ ಬೆಳಕಿಗೆ ಸಿಗದ ಮುಖಗಳು

ಗೋಕಾಕಕ್ಕೆ ಬರುವ ಪ್ರವಾಸಿಗರು 52 ಮೀಟರ್ ಎತ್ತರದಿಂದ ಧುಮುಕುವ ಜಲಪಾತವನ್ನು ಕಂಡು, ತೂಗುಸೇತುವೆಯ ಮೇಲೆ ನಡೆದಾಡಿ, ಕರದಂಟು ಕಟ್ಟಿಸಿಕೊಂಡು ಹಿಂದಿರುಗುತ್ತಾರೆ. ಘಟಪ್ರಭೆ ಮಾತ್ರ ಅಲ್ಲಿಗೇ ನಿಲ್ಲುವುದಿಲ್ಲ. ಕಬ್ಬಿನ ಹೊಲಗಳ ನಡುವೆ ಬಳುಕುತ್ತ ಮಸಗುಪ್ಪಿಯಂಥ ಹಳ್ಳಿಗಳನ್ನು ಸವರಿಕೊಂಡು ಮುಂದೆ ಸಾಗುತ್ತದೆ. ಹಿಂದೆ ಗೋಕಾಕ ತಾಲೂಕಿಗೆ ಸೇರಿದ್ದ ಮಸಗುಪ್ಪಿ ಈಗ ಮೂಡಲಗಿ ತಾಲೂಕಿನಲ್ಲಿದೆ. ಇಲ್ಲಿ ಕಣ್ಣು ಕುಕ್ಕುವಂಥ ಪ್ರೇಕ್ಷಣೀಯ ಸ್ಥಳವೇನೂ ಇಲ್ಲ. ಆದರೆ ಈ ಸೀಮೆಯನ್ನು ಕಣ್ಣಿಗಿಂತ ಕಿವಿಯಿಂದ ನೋಡಬೇಕು.

ಏಕೆಂದರೆ ಇದು ಪಾರಿಜಾತದ ನಾಡು. ಅಪರಾಳ ತಮ್ಮಣ್ಣ ರಚಿಸಿದ ಶ್ರೀಕೃಷ್ಣ ಪಾರಿಜಾತವನ್ನು ತಿದ್ದಿ ತೀಡಿ ಆಟವಾಗಿ ಬೆಳೆಸಿದ ಕುಲಗೋಡ ತಮ್ಮಣ್ಣನ ಊರು ಇಲ್ಲಿಗೆ ದೂರವಲ್ಲ. ಅದೇ ಆಟವನ್ನು ಹಾಡಿ ಕುಣಿದು ಮನೆಮಾತಾಗಿಸಿದ ಕೌಜಲಗಿ ನಿಂಗಮ್ಮನ ಊರೂ ಹತ್ತಿರದ್ದೇ. ಹೊಳೆಯ ಗುಂಟ ಮೇಲಕ್ಕೆ ಹೋದರೆ ಹುಕ್ಕೇರಿ ತಾಲೂಕಿನ ಘೋಡಗೇರಿ; 1937ರಲ್ಲಿ ಚಂದ್ರಶೇಖರ ಕಂಬಾರರು ಹುಟ್ಟಿದ ಊರು. ಈ ಹಳ್ಳಿಗಳ ಹಾಡು, ಕುಣಿತಗಳನ್ನೇ ಉಸಿರಾಗಿಸಿಕೊಂಡ ಅವರು ನಾಟಕ ಬರೆದರು, ಸಿನಿಮಾ ನಿರ್ದೇಶಿಸಿದರು. ಅವರ ‘ಕಾಡು ಕುದುರೆ’ ಚಿತ್ರದ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣನವರಿಗೆ 1978ರ ಸಾಲಿನ ರಾಷ್ಟ್ರಪ್ರಶಸ್ತಿ ಬಂದಿತು.

ಇಷ್ಟೆಲ್ಲ ಆಟ–ಪಾಟಗಳು ನಡೆದ ನೆಲದಲ್ಲಿ 1940–50ರ ದಶಕದ ಒಂದು ರಾತ್ರಿಯ ಫೋಟೋ ಹುಡುಕಹೊರಡಿ. ನಿಮಗೆ ಸಿಗುವುದು ತೀರ ವಿರಳ. ಸಿಕ್ಕರೂ ಅದು ಹಗಲಿನಲ್ಲಿ ತೆಗೆದದ್ದು: ಬಣ್ಣದ ಪರದೆಯ ಮುಂದೆ ಕಿರೀಟ ತೊಟ್ಟು ಕದಲದೆ ಕುಳಿತ ನಟನ ಸ್ಟುಡಿಯೋ ಚಿತ್ರ. ಅಟ್ಟದ ಮೇಲೆ ಕುಣಿಯುವ ಸತ್ಯಭಾಮೆಯಾಗಲಿ, ಎದುರು ಕಂಬಳಿ ಹೊದ್ದು ಕುಳಿತ ಜನವಾಗಲಿ ಅದರಲ್ಲಿ ಇರುವುದಿಲ್ಲ. ಬಡತನ ಇದಕ್ಕೊಂದು ಕಾರಣ, ನಿಜ. ಇನ್ನೊಂದು ಕಾರಣ ಭೌತಶಾಸ್ತ್ರದ್ದು. ಪ್ರೌಢಶಾಲೆಯ ಮಕ್ಕಳೂ ಅದನ್ನು ಲೆಕ್ಕ ಹಾಕಿ ನೋಡಬಹುದು.

ಆಗ ಹಳ್ಳಿಯ ಆಟಕ್ಕೆ ಗ್ಯಾಸಬತ್ತಿಯೇ ಸೂರ್ಯ. ಒಂದು ಒಳ್ಳೆಯ ಪೆಟ್ರೋಮ್ಯಾಕ್ಸ್ ಸುಮಾರು 400 ಕ್ಯಾಂಡಲ್ ಬೆಳಕು ಕೊಡುತ್ತದೆ ಎಂದುಕೊಳ್ಳೋಣ. ಬತ್ತಿಯಿಂದ ಹತ್ತು ಅಡಿ ದೂರದಲ್ಲಿ ನಿಂತ ನಟನ ಮುಖದ ಮೇಲೆ ಬೀಳುವುದು ನಲವತ್ತು ಲಕ್ಸ್‌ಗಿಂತ ತುಸು ಹೆಚ್ಚು. ನಡುಹಗಲಿನ ಬಿಸಿಲು ಇದರ ಎರಡು ಸಾವಿರ ಪಟ್ಟಿಗೂ ಮಿಗಿಲು. 100 ವೇಗದ ಫಿಲ್ಮು ಹಾಕಿ, ಸಾಧಾರಣ ಕ್ಯಾಮೆರಾದ ಮಸೂರವನ್ನು ಎಫ್ 3.5ರವರೆಗೆ ಪೂರ್ತಿ ತೆರೆದರೂ ಷಟರು ಮುಕ್ಕಾಲು ಸೆಕೆಂಡಿನಷ್ಟು ಹೊತ್ತು ತೆರೆದಿರಬೇಕು. ಅಷ್ಟರಲ್ಲಿ ಕುಣಿಯುವವರು ಎರಡು ಹೆಜ್ಜೆ ಇಟ್ಟಿರುತ್ತಾರೆ! ಫಿಲ್ಮಿನ ಮೇಲೆ ಉಳಿಯುವುದು ಮುಖವಲ್ಲ, ಮಂಜು. ನಟ ಇಪ್ಪತ್ತು ಅಡಿ ದೂರ ಸರಿದರೆ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಆಗ ಮೂರು ಸೆಕೆಂಡು ಬೇಕು. ವಿಲೋಮ ವರ್ಗ ನಿಯಮ ಎಂದು ನಾವು ತರಗತಿಯಲ್ಲಿ ಕಲಿಸುವುದು ಇದನ್ನೇ.

ಫ್ಲ್ಯಾಶ್ ಬಲ್ಬುಗಳು ಇದ್ದವು. ಆದರೆ ಒಂದು ಚಿತ್ರಕ್ಕೆ ಒಂದು ಬಲ್ಬು. ಒಳಗಿನ ಲೋಹದ ಎಳೆ ಆಮ್ಲಜನಕದಲ್ಲಿ ಭಗ್ಗೆಂದು ಉರಿದರೆ ಮುಗಿಯಿತು, ಬಲ್ಬು ಕಸಕ್ಕೆ. ಬೆಳತನಕ ನಡೆಯುವ ಆಟಕ್ಕೆ ಅದು ಎಲ್ಲಿ ಸಾಲೀತು? ಪಟ್ಟಣಗಳಲ್ಲಿ ವಿದ್ಯುದ್ದೀಪದ ಕೆಳಗೆ ಆಡಿದ ಕಂಪನಿಗಳ ಪಾಲಿಗೆ ಕ್ಯಾಮೆರಾ ಸ್ವಲ್ಪ ಹತ್ತಿರವಾಯಿತು. ಸವದತ್ತಿ ಸೀಮೆಯ ಏಣಗಿ ಬಾಳಪ್ಪನವರು (1914–2017) 1947ರಲ್ಲಿ ಕಲಾವೈಭವ ನಾಟ್ಯ ಸಂಘ ಕಟ್ಟಿದರು. ಅವರ ಬಸವೇಶ್ವರನ ಪಾತ್ರವನ್ನು ನಾಡು ಮರೆತಿಲ್ಲ. ಅಟ್ಟದ ಆಟಗಳಿಗೆ ಆ ಭಾಗ್ಯ ಬಹುಮಟ್ಟಿಗೆ ಒದಗಲಿಲ್ಲ.

ಉಳಿದ ಮಾಧ್ಯಮಗಳ ಕಥೆಯೂ ಹೀಗೆಯೇ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾದಾಗ ನಮ್ಮ ಕಡೆಯ ಮಾತು, ಹಾಡುಗಳಿಗೆ ಮನೆಯೊಂದು ಸಿಕ್ಕಿತು. ಕೇಳುಗರಿಗೆ ದನಿ ಗೊತ್ತು, ಮುಖ ಗೊತ್ತಿಲ್ಲ. ಟೆಲಿವಿಜನ್ 1959ರಲ್ಲಿ ದಿಲ್ಲಿಗೆ ಬಂದರೂ ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಅಲ್ಲಿಯವರೆಗೆ ಕಲಾವಿದರ ಮುಖ ಜನಕ್ಕೆ ತಲುಪಿದ್ದು ಪತ್ರಿಕೆಯ ಛಾಯಾಗ್ರಾಹಕರಿಂದ, ಸಿನಿಮಾ ಸ್ಥಿರಚಿತ್ರಗಳಿಂದ.

ಅಂಥ ಒಂದು ಚಿತ್ರದ ಬೆಲೆ ಎಷ್ಟು? ನಮಗೆ ಹತ್ತಿರದ ಕೊಲ್ಹಾಪುರದ ಸಂಗತಿಯನ್ನೇ ನೋಡಿ. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ತಯಾರಾದದ್ದು ಅಲ್ಲಿನ ಛತ್ರಪತಿ ಸಿನಿಟೋನ್ ಸ್ಟುಡಿಯೋದಲ್ಲಿ. 1934ರ ಮಾರ್ಚ್ 3ರಂದು ಅದು ಬೆಂಗಳೂರಿನಲ್ಲಿ ತೆರೆಕಂಡಿತು. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ನಾಗೇಂದ್ರರಾಯರು ಅಭಿನಯಿಸಿದ ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಚಲಿಸುವ ಚಿತ್ರ ಅಳಿಯಿತು. ಚಲಿಸದ ಕೆಲವು ಚಿತ್ರಗಳಿಂದಲೇ ಅದನ್ನು ಊಹಿಸಿಕೊಳ್ಳಬೇಕಾಗಿದೆ. ನಮ್ಮ ನಾಡಿನ ಹಿರಿಯ ಪತ್ರಿಕಾ ಛಾಯಾಗ್ರಾಹಕ, ಮೈಸೂರಿನ ಟಿ.ಎಸ್. ಸತ್ಯನ್ (1923–2009) ತಮ್ಮ ನೆನಪುಗಳ ಪುಸ್ತಕಕ್ಕೆ ‘ಕಾಲಕ್ಕೆ ಕನ್ನಡಿ’ ಎಂದು ಹೆಸರಿಟ್ಟರು. ಆ ಎರಡು ಮಾತಿನಲ್ಲಿ ಎಲ್ಲವೂ ಬಂತು.

ಹಾಗಾದರೆ ಘಟಪ್ರಭೆಯ ದಂಡೆಯಲ್ಲಿ ಉಳಿದಿರುವ ಕನ್ನಡಿಯ ಚೂರುಗಳು ಎಲ್ಲಿವೆ? ಹಳೆಯ ಮನೆಗಳ ಪಡಸಾಲೆಯ ಗೋಡೆಯ ಮೇಲೆ, ಜಗಲಿಯ ದೇವರ ಪಟದ ಪಕ್ಕದಲ್ಲಿ, ತವರಿನಿಂದ ಬಂದ ಟ್ರಂಕಿನ ತಳದಲ್ಲಿ. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ಗೋಕಾಕ, ಮೂಡಲಗಿ ತಾಲೂಕುಗಳ ದಂಡೆಯ ಊರುಗಳಿಗೆ ನುಗ್ಗಿತು. ಜನ ಮಕ್ಕಳನ್ನೂ ದನಗಳನ್ನೂ ಮೊದಲು ದಾಟಿಸಿದರು, ಅದೇ ಸರಿ. ಆದರೆ ಹಳೆಯ ಫೋಟೋಗೆ ನೀರಿನಂಥ ಶತ್ರು ಇನ್ನೊಂದಿಲ್ಲ. ಬೆಳ್ಳಿಯ ಕಣಗಳನ್ನು ಹಿಡಿದಿಟ್ಟಿರುವುದು ಜಿಲೆಟಿನ್ ಎಂಬ ಅಂಟು. ನೆನೆದರೆ ಅದು ಉಬ್ಬಿ, ಮೆದುವಾಗಿ, ಪಕ್ಕದ ಫೋಟೋಗೋ ಮುಂದಿನ ಗಾಜಿಗೋ ಅಂಟಿಕೊಳ್ಳುತ್ತದೆ.

ಪಾಲಕರು ಇಷ್ಟು ಮಾಡಬಹುದು. ನೆನೆದ ಫೋಟೋವನ್ನು ಒರೆಸಬೇಡಿ, ಬಿಸಿಲಿಗೆ ಹಾಕಬೇಡಿ. ತಣ್ಣನೆಯ ಶುದ್ಧ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆದು, ಮುಖ ಮೇಲೆ ಮಾಡಿ ನೆರಳಿನಲ್ಲಿ ಒಣಗಿಸಿ. ಗಾಜಿಗೆ ಅಂಟಿದ್ದನ್ನು ಕೀಳಬೇಡಿ. ಗಾಜಿನ ಮೇಲಿಂದಲೇ, ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಳ್ಳಿ. ಚೆನ್ನಾಗಿರುವ ಫೋಟೋಗಳನ್ನು ಹೊಗೆ, ತೇವ ತಾಗದ ಎತ್ತರದ ಜಾಗದಲ್ಲಿಡಿ.

ಮಕ್ಕಳ ಕೆಲಸ ಇನ್ನೂ ದೊಡ್ಡದು. ಹೆಸರಿಲ್ಲದ ಫೋಟೋ ಅರ್ಧ ಸತ್ತ ಹಾಗೆ. ಈ ರಜೆಯಲ್ಲಿ ಮನೆಯ ಹಿರಿಯರ ಬದಿಗೆ ಕುಳಿತು, “ಅಜ್ಜಾ, ಈ ಕೃಷ್ಣನ ಪಾರ್ಟು ಮಾಡಿದವರು ಯಾರು? ಪೇಟಿ ಬಾರಿಸಿದವರು ಯಾರು? ಯಾವ ಜಾತ್ರೆ?” ಎಂದು ಕೇಳಿ. ಉತ್ತರವನ್ನು ಫೋಟೋದ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ. ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಗುರುತು ಮುಂಬದಿಗೂ ಮೂಡುತ್ತದೆ. ಅಜ್ಜ ಒಂದು ಪದ ನೆನಪಿಸಿಕೊಂಡು ಹಾಡಿದರೆ ಅದನ್ನೂ ಮುದ್ರಿಸಿಕೊಳ್ಳಿ.

ಗ್ಯಾಸಬತ್ತಿಯ ಬೆಳಕು ಅಂದಿನ ಫಿಲ್ಮಿಗೆ ಸಾಲಲಿಲ್ಲ. ಆದರೆ ಎದುರು ಕುಳಿತು ಆ ಆಟ ನೋಡಿದ ಕಣ್ಣುಗಳಿಗೆ ಸಾಕಾಗಿತ್ತು. ಆ ಕಣ್ಣುಗಳಲ್ಲಿ ಕೆಲವು ಇನ್ನೂ ನಮ್ಮ ನಡುವೆ ಇವೆ. ಅವು ಕಂಡದ್ದನ್ನು ಕೇಳಿ ಬರೆದಿಡಲು ಯಾವ ಕ್ಯಾಮೆರಾವೂ ಬೇಕಿಲ್ಲ.