ಗಾಯನವೂ ಗಡಿಯಾರವೂ

ಊಟಕ್ಕೂ ನಿದ್ರೆಗೂ ಹೊತ್ತೊಂದಿರುವಂತೆ ಹಾಡಿಗೂ ಹೊತ್ತುಂಟೆಂದು ನಮ್ಮ ಹಿರಿಯರು ನಂಬಿದ್ದರು. ದಾಕ್ಷಿಣಾತ್ಯ ಪದ್ಧತಿಯ ಗಾಯಕರು ಈ ನಿಯಮವನ್ನು ಅಷ್ಟಾಗಿ ಪಾಲಿಸುವುದಿಲ್ಲ. ಆದರೆ ಧಾರವಾಡದ ಸೀಮೆಯಲ್ಲಿ ಬೆಳೆದ ನಮ್ಮಂಥವರ ಕಿವಿಗೆ ಹಿಂದುಸ್ತಾನಿ ಸಂಗೀತವೇ ಮನೆಮಾತಿನಂತೆ. ಅದರಲ್ಲಿ ದಿನದ ಎಂಟು ಪ್ರಹರಗಳಿಗೂ ರಾಗಗಳು ಹಂಚಿಹೋಗಿವೆ. ಹೊತ್ತು ಮುಳುಗುವಾಗ ಮಾರವಾ, ದೀಪ ಹಚ್ಚಿದ ಮೇಲೆ ಯಮನ್, ರಾತ್ರಿಯೇರಿದಂತೆ ಬಿಹಾಗ, ಬಾಗೇಶ್ರೀ. ನಡುರಾತ್ರಿಗೆ ಮಾಲಕಂಸ, ದರಬಾರಿ. ಕತ್ತಲು ಕರಗುವ ಮುನ್ನ ಲಲಿತ, ಬೆಳಗಾದೊಡನೆ ಭೈರವ. ವಿಷ್ಣು ನಾರಾಯಣ ಭಾತಖಂಡೆಯವರು (1860-1936) ಈ ಕ್ರಮಕ್ಕೆ ಶಾಸ್ತ್ರದ ಕಟ್ಟನ್ನೂ ಒದಗಿಸಿದರು. ಆ ಶಾಸ್ತ್ರದ ಯುಕ್ತಾಯುಕ್ತತೆಯನ್ನು ಪಂಡಿತರು ಚರ್ಚಿಸಲಿ. ನಾನು ಹೇಳಹೊರಟಿರುವುದು ಕೇಳುವವನ ಮಾತು. ಗಾಯನಕ್ಕೆ ಹೋಗುವ ನಮ್ಮ ರೂಢಿಯು ಬದಲಾದಂತೆ ಈ ಗಡಿಯಾರದ ಒಂದು ಭಾಗವು ಮೌನವಾಯಿತೆಂಬುದೇ ಆ ಮಾತು.

ನನ್ನ ಎಳೆಹರೆಯದಲ್ಲಿ, ಎಂದರೆ 1970ರ ಆಸುಪಾಸಿನಲ್ಲಿ, ಗಾಯನಕ್ಕೆ ಹೋಗುವುದೆಂದರೆ ಒಂದು ರಾತ್ರಿಯನ್ನು ಪೂರ್ತಿಯಾಗಿ ಕೊಟ್ಟುಬಿಡುವುದೆಂದೇ ಅರ್ಥವಾಗಿದ್ದಿತು. ಬೇಗನೆ ಉಂಡು, ಶಾಲನ್ನು ಹೆಗಲಿಗೇರಿಸಿಕೊಂಡು ಹೋಗಿ, ಜಮಖಾನೆಯ ಮೇಲೆ ಸ್ಥಳ ಹಿಡಿದು ಕುಳಿತರೆ ಏಳುವುದು ಬೆಳಗಿಗೆ. ಮೊದಲು ಎಳೆಯರು ಹಾಡುವರು. ಹಿರಿಯರ ಸರದಿ ಬರುವಷ್ಟರಲ್ಲಿ ಒಂದು ಗಂಟೆಯೋ ಎರಡು ಗಂಟೆಯೋ ಆಗಿರುವುದು. ಆ ಹೊತ್ತಿಗೆ ಮಕ್ಕಳು ಗೋಡೆಯ ಬದಿಗೆ ಮಲಗಿರುವರು, ಎಲೆಯಡಿಕೆಯ ಚೀಲವು ಎರಡು ಮೂರು ಸಾರಿ ಸಭೆಯನ್ನು ಸುತ್ತಿ ಬಂದಿರುವುದು, ಸುಮ್ಮನೆ ಬಂದವರು ಮನೆ ಸೇರಿ, ಇರಬೇಕಾದವರು ಮಾತ್ರ ಉಳಿದಿರುವರು. ತಂಬೂರಿಯ ಶ್ರುತಿ ಕೂಡಿಸುವ ಕಾಲು ಗಂಟೆಯೂ ನಮ್ಮ ಲೆಕ್ಕದಲ್ಲಿ ಗಾಯನವೇ.

ಈ ರೂಢಿಗೆ ನಮ್ಮ ಕಡೆ ತವರೆಂದರೆ ಕುಂದಗೋಳ. ಅಬ್ದುಲ್ ಕರೀಮ್ ಖಾನರ (1872-1937) ಶಿಷ್ಯರಾದ ಸವಾಯಿ ಗಂಧರ್ವರ (1886-1952) ಊರದು. ಗಂಗೂಬಾಯಿ ಹಾನಗಲ್ಲರು (1913-2009) ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬಂದು ಕಲಿತುದೂ, ಭೀಮಸೇನ ಜೋಶಿಯವರು (1922-2011) ಬಾಲ್ಯದಲ್ಲಿ ಗುರುಗೃಹದಲ್ಲಿ ನಿಂತು ಕಲಿತುದೂ ಅಲ್ಲಿಯೇ. ಗುರುಗಳ ಪುಣ್ಯತಿಥಿಗೆ ಕುಂದಗೋಳದಲ್ಲಿ ನಡೆಯುತ್ತಿದ್ದ ಗಾಯನವಾಗಲಿ, ಅವರ ಸ್ಮರಣಾರ್ಥವಾಗಿ 1953ರಲ್ಲಿ ಪುಣೆಯಲ್ಲಿ ಆರಂಭವಾದ ಮಹೋತ್ಸವವಾಗಲಿ ಬಹುಕಾಲ ಇರುಳೆಲ್ಲ ನಡೆದವು. ಕಾರ್ಯಕ್ರಮವು ಎಷ್ಟು ಗಂಟೆಗೆ ಮುಗಿಯುವುದೆಂದು ಯಾರೂ ಕೇಳುತ್ತಿರಲಿಲ್ಲ. ಭೈರವಿಯನ್ನು ಹಾಡಿದರೆ ಮುಗಿಯಿತು.

2000ದಲ್ಲಿ ಶಬ್ದಮಾಲಿನ್ಯದ ನಿಯಮಗಳು ಬಂದವು. ರಾತ್ರಿ 10ರಿಂದ ಬೆಳಗಿನ 6ರ ವರೆಗೆ ಬಯಲಿನಲ್ಲಿ ಧ್ವನಿವರ್ಧಕವು ಕೂಡದೆಂದಾಯಿತು. ಉತ್ಸವಗಳಿಗಾಗಿ ವರ್ಷಕ್ಕೆ 15 ದಿನಗಳನ್ನು ಮೀರದಂತೆ ಮಧ್ಯರಾತ್ರಿಯ ವರೆಗೆ ಸಡಿಲಿಸಬಹುದೆಂಬುದು ಬಳಿಕ ಸೇರಿತು. 2005ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅಂದಿನಿಂದ ನನ್ನ ಗೆಳೆಯರು ಕಾಯಿದೆಯೇ ಸಂಗೀತವನ್ನು ಕೊಂದಿತೆಂದು ಹಲುಬುತ್ತಿರುವರು. ನಾನು ಹಾಗೆನ್ನಲಾರೆ. ರೋಗಿಗಳಿಗೂ ಪರೀಕ್ಷೆಗೆ ಓದುವ ಹುಡುಗರಿಗೂ ನಿದ್ರೆ ಬೇಕು. ಎಲ್ಲರೂ ದರಬಾರಿಗಾಗಿಯೇ ಎಚ್ಚತ್ತಿರಬೇಕೆಂಬುದು ಯಾವ ನ್ಯಾಯ? ಅಲ್ಲದೆ ಆ ನಿಯಮವೇ ಮುಚ್ಚಿದ ಸಭಾಂಗಣಗಳಿಗೆ ವಿನಾಯಿತಿ ಕೊಟ್ಟಿದೆ. ಮನೆಯ ಪಡಸಾಲೆಯಲ್ಲಿ ಐವತ್ತು ಜನರೆದುರು ಧ್ವನಿವರ್ಧಕವಿಲ್ಲದೆ ಹಾಡುವವರನ್ನು ಯಾರಾದರೂ ತಡೆದುದನ್ನು ನಾನು ಕಂಡಿಲ್ಲ.

ಆದುದರಿಂದ ಕಾರಣವನ್ನು ನಮ್ಮಲ್ಲಿಯೇ ಹುಡುಕುವುದು ಲೇಸು. ಕೇಳುವವರು ಸಾವಿರಗಟ್ಟಲೆಯಾದಾಗ ಪಡಸಾಲೆ ಬಿಟ್ಟು ಬಯಲಿಗೆ ಬಂದೆವು. ಬಯಲಿಗೆ ಬಂದುದರಿಂದ ಧ್ವನಿವರ್ಧಕವು ಬೇಕಾಯಿತು. ಧ್ವನಿವರ್ಧಕದ ಬೆನ್ನಿಗೆ ಕಾಯಿದೆ ಬಂದಿತು. ಅಷ್ಟರಲ್ಲಿ ಪಡಸಾಲೆಯಿದ್ದ ಮನೆಗಳೇ ಉರುಳಿ, ಅವುಗಳ ಜಾಗದಲ್ಲಿ ಅಂತಸ್ತಿನ ಮೇಲೆ ಅಂತಸ್ತು ಏರಿದ್ದಿತು. ಜಮಖಾನೆ ಹೋಗಿ ಕುರ್ಚಿ ಬಂದಿತು. ಕುರ್ಚಿಯಲ್ಲಿ ಕುಳಿತವನ ಮನಸ್ಸು ಕೊನೆಯ ಬಸ್ಸಿನ ಕಡೆಗೆ ಹರಿಯುವುದು ಸಹಜ. ನನ್ನ ಮೊಣಕಾಲುಗಳೂ ಕುರ್ಚಿಯ ಪಕ್ಷವನ್ನೇ ವಹಿಸಿವೆ.

ಬದಲಾವಣೆಯಿಂದ ಲಾಭವಾಗಿಲ್ಲವೆಂದರೆ ಕೃತಘ್ನತೆಯಾದೀತು. ಹಿಂದಿನ ಜಾಗರಣೆಯು ಬಹುಮಟ್ಟಿಗೆ ಗಂಡಸರದಾಗಿದ್ದಿತು. ನಾವು ಬೆಳಗ್ಗೆ ಕೆಂಗಣ್ಣಿನಿಂದ ಬಂದು ಮಲಗಬೇಕಾದರೆ ಯಾರೋ ಒಬ್ಬರು ಎದ್ದು ನೀರು ತುಂಬಿ, ಹಾಲು ಕಾಸಿ, ಮಕ್ಕಳನ್ನು ಶಾಲೆಗೆ ಕಳುಹಿಸಬೇಕಾಗಿದ್ದಿತು. ಈಗ ಆರು ಗಂಟೆಯ ಗಾಯನಕ್ಕೆ ನನ್ನ ಹೆಂಡತಿಯೂ ನಾನೂ ಕೂಡಿಯೇ ಹೋಗುವೆವು. “ನಿಮ್ಮ ಮಾಲಕಂಸದ ವರ್ಣನೆಯನ್ನು ಮೂವತ್ತು ವರ್ಷ ಕೇಳಿದೆ, ನನಗೆ ಯಮನ್ನೇ ಸಾಕು, ನಾನೇ ಕೇಳಿದ್ದಾದರೆ” ಎಂದು ಆಕೆ ಒಮ್ಮೆ ಹೇಳಿದಳು. ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ಆದರೂ ನಷ್ಟವು ನಷ್ಟವೇ. ರವಿವಾರದ ಬೆಳಗಿನ ಗಾಯನಗಳು ಅಲ್ಲಲ್ಲಿ ನಡೆಯುವುದರಿಂದ ತೋಡಿ, ಭೈರವಗಳು ಬದುಕಿಕೊಂಡಿವೆ. ನಿರಾಶ್ರಿತವಾದವು ನಡುರಾತ್ರಿಯಿಂದ ಅರುಣೋದಯದ ವರೆಗಿನ ರಾಗಗಳು. ಲಲಿತವನ್ನೇ ನೋಡಿರಿ. ಅದರಲ್ಲಿ ಪಂಚಮವಿಲ್ಲ, ಶುದ್ಧ, ತೀವ್ರ ಮಧ್ಯಮಗಳೆರಡೂ ಒಂದರ ಬೆನ್ನಿಗೊಂದು ಬರುತ್ತವೆ. ಇರುಳೂ ಬೆಳಕೂ ಇನ್ನೂ ಬೇರೆಯಾಗದ ಹೊತ್ತಿನಲ್ಲಿ, ದಣಿದ ಕಿವಿಯ ಮೇಲೆ ಆ ಎರಡು ಮಧ್ಯಮಗಳು ಬಿದ್ದಾಗ ಅವು ಹೀಗೇಕೆ ಕೂಡಿವೆಯೆಂದು ಯಾರೂ ವಿವರಿಸಬೇಕಾಗಿರಲಿಲ್ಲ. ಇಂದಿನ ಎಳೆಯ ಗಾಯಕನು ಲಲಿತವನ್ನು ಕಲಿತಿರುವನು, ಆದರೆ ಎಲ್ಲಿ ಹಾಡಬೇಕು? ಅವನ ಪಾಲಿಗೆ ದಿನವೆಲ್ಲ ಸಂಜೆಯೇ.

ಧ್ವನಿಮುದ್ರಿಕೆಗಳಿಲ್ಲವೇ ಎಂದು ವಾಚಕರು ಕೇಳಬಹುದು. ಹಳೆಯ ತಟ್ಟೆಯೊಂದರ ಒಂದು ಮಗ್ಗುಲಲ್ಲಿ ಮೂರು ಮಿನಿಟಿನ ರಾಗ ಹಿಡಿಸುತ್ತಿದ್ದಿತು. ಧಾರವಾಡದ ಆಕಾಶವಾಣಿಯು 1950ರಲ್ಲಿ ಆರಂಭವಾಗಿ ಗಾಯನವನ್ನು ಮನೆಮನೆಗೆ ತಂದಿತು. ಇಂದು ಕಿಸೆಯೊಳಗಿನ ಫೋನಿನಲ್ಲಿ ಬೇಕೆಂದ ರಾಗವು ಬೇಕೆಂದ ಕ್ಷಣಕ್ಕೆ ದೊರೆಯುತ್ತದೆ. ವೃದ್ಧಾಪ್ಯವು ನನ್ನನ್ನು ನಸುಕಿನ ನಾಲ್ಕು ಗಂಟೆಗೆ ಎಬ್ಬಿಸುವುದರಿಂದ ಲಲಿತವನ್ನು ಅದರ ಹೊತ್ತಿನಲ್ಲಿಯೇ ಕೇಳುತ್ತಿರುವೆನು. ಕೊರತೆಯೇನೆಂದರೆ, ನಾನು ತಲೆದೂಗಿದುದು ಹಾಡುವವರಿಗೆ ಕಾಣುವುದಿಲ್ಲ. ಎದುರಿಗಿರುವವರು ಮೆಚ್ಚಿದ ಒಂದು ಸ್ವರಕ್ಕೆ ಮರಳಿ ಮರಳಿ ಬರುವುದು ಗಾಯಕನ ಸ್ವಭಾವ. ಯಂತ್ರವು ನಿನ್ನೆ ಹಾಡಿದಂತೆಯೇ ಇಂದೂ ಹಾಡುವುದು.

ಆದುದರಿಂದ ನಮ್ಮ ಜಿಲ್ಲೆಯ ರಸಿಕರಲ್ಲಿ ನನ್ನದೊಂದು ಬಿನ್ನಹ. ಹಳೆಯ ಕಾಲವನ್ನು ಮರಳಿ ತರುವುದು ಬೇಡ. ವರ್ಷಕ್ಕೊಂದೇ ರಾತ್ರಿ, ಇನ್ನೂ ನಿಂತಿರುವ ಯಾವುದಾದರೊಂದು ದೊಡ್ಡ ಮನೆಯಲ್ಲಿ, ಧ್ವನಿವರ್ಧಕವಿಲ್ಲದೆ, ಐವತ್ತು ಮಂದಿ ಕೂಡಿ ಇಬ್ಬರು ಎಳೆಯ ಗಾಯಕರನ್ನು ಬೆಳಗಿನ ವರೆಗೆ ಕೇಳೋಣ. ಹೆಂಗಸರೂ ಗಂಡಸರೂ ಸಮನಾಗಿ ಜಾಗರಣೆ ಮಾಡಲಿ. ನನ್ನಂಥವರಿಗೆ ನಾಲ್ಕು ಕುರ್ಚಿಗಳಿರಲಿ. ಬೆಳಗಿನ ಚಹವನ್ನು ಗಂಡಸರು ಮಾಡತಕ್ಕದ್ದು.