ಹಳೆಯ ಕಾರು ಕೊಡುವ ದಿನ ನಾವೂ ವ್ಯಾಪಾರಿಗಳೇ

ಮದರಸದ ಹಿರಿಯ ತರಗತಿಗೆ ವ್ಯಾಪಾರದ ಅಧ್ಯಾಯವನ್ನು ಪಾಠ ಮಾಡುವಾಗ ನಾವು ಒಂದು ಪ್ರಶ್ನೆ ಕೇಳುವುದುಂಟು: ಸರಕಿನ ದೋಷವನ್ನು ತಿಳಿಸಬೇಕಾದವರು ಯಾರು? "ಅಂಗಡಿಯವರು" ಎಂದು ಮಕ್ಕಳು ಒಕ್ಕೊರಲಿನಿಂದ ಉತ್ತರಿಸುತ್ತಾರೆ. ಬಹುಕಾಲ ನಾವೂ ಆ ಉತ್ತರದಿಂದ ತೃಪ್ತರಾಗಿದ್ದೆವು. ಅದು ಅರ್ಧ ಉತ್ತರವೆಂದು ನಮಗೆ ಕಲಿಸಿದ್ದು ನಮ್ಮದೇ ಹಳೆಯ ಕಾರು.

ಹನ್ನೊಂದು ವರ್ಷ ಬಳಸಿದ ಆ ಕಾರು ದೂರದ ಪ್ರಯಾಣದಲ್ಲಿ ಬಿಸಿಯೇರುತ್ತಿತ್ತು. ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಬಿಚ್ಚಬೇಕು, 28,000 ರೂಪಾಯಿ ಬೇಕು ಎಂದು ಮೆಕ್ಯಾನಿಕ್ ಹೇಳಿದ್ದ. "ಎಕ್ಸ್‌ಚೇಂಜಿಗೆ ಕೊಡುವ ಗಾಡಿಗೆ ಯಾಕೆ ಇಷ್ಟೆಲ್ಲ ಖರ್ಚು ಉಸ್ತಾದ್? ನೀರು ತುಂಬಿಸಿ, ಬೆಳಿಗ್ಗೆ ತಂಪು ಹೊತ್ತಿನಲ್ಲಿ ಕೊಂಡುಹೋಗಿ" ಎಂದೂ ಸೇರಿಸಿದ. ನಾವು ಹಾಗೆಯೇ ಮಾಡಿದೆವು. ವ್ಯಾಪಾರಿಯ ಹುಡುಗ ಎರಡು ಕಿಲೋಮೀಟರ್ ಓಡಿಸಿದ, ಟಯರು ಮತ್ತು ಬಣ್ಣವನ್ನು ಪರೀಕ್ಷಿಸಿದ. 1,40,000 ರೂಪಾಯಿ ಬೆಲೆ ಕಟ್ಟಿ, ಅದನ್ನು ಹೊಸ ಕಾರಿನ ಬೆಲೆಯಲ್ಲಿ ವಜಾ ಮಾಡಿದರು. ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಸುಳ್ಳಂತೂ ಹೇಳಿಲ್ಲವಲ್ಲ ಎಂಬ ಸಮಾಧಾನದೊಂದಿಗೆ ಮನೆಗೆ ಮರಳಿದೆವು.

ಒಂಬತ್ತನೆಯ ದಿನ ವ್ಯಾಪಾರಿಯ ಕರೆ ಬಂತು. ಹಾಸನದ ಗಿರಾಕಿಗೆ ತೋರಿಸಲು ಒಯ್ಯುತ್ತಿದ್ದಾಗ ಶಿರಾಡಿ ಘಾಟಿಯ ಏರಿನಲ್ಲಿ ಕಾರು ಹಬೆಯುಗುಳಿ ನಿಂತುಬಿಟ್ಟಿತ್ತು. ಅವರು ಕೋಪಿಸಿಕೊಳ್ಳಲಿಲ್ಲ. "ಉಸ್ತಾದರೇ, ನಿಮಗೆ ಇದು ಮೊದಲೇ ಗೊತ್ತಿತ್ತಾ?" ಎಂದಷ್ಟೇ ಕೇಳಿದರು. ಉತ್ತರಿಸಲು ನಾಲಿಗೆ ಏಳಲಿಲ್ಲ. ನಾಳೆ ಬರುತ್ತೇವೆ ಎಂದು ಫೋನ್ ಇಟ್ಟೆವು.

ಆ ರಾತ್ರಿ, ಎಷ್ಟೋ ಬಾರಿ ಪಾಠ ಮಾಡಿದ ಅದೇ ಅಧ್ಯಾಯವನ್ನು ಮತ್ತೆ ತೆರೆದೆವು. ಪ್ರವಾದಿ ಮುಹಮ್ಮದ್ (ಸ)ರವರ ಕಾಲದ ಸಂತೆಯಲ್ಲಿ ಒಂದು ಉಪಾಯವಿತ್ತು. ಮಾರಲಿರುವ ಒಂಟೆ ಅಥವಾ ಆಡಿನ ಹಾಲು ಕರೆಯದೆ ಬಿಟ್ಟು, ಕೆಚ್ಚಲು ತುಂಬಿರುವಾಗ ಅದನ್ನು ಮಾರುವುದು. ಪ್ರವಾದಿವರ್ಯರು (ಸ) ಇದನ್ನು ನಿಷೇಧಿಸಿದರು. ಹೀಗೆ ಮೋಸಹೋದವನು ಪ್ರಾಣಿಯನ್ನು ಇಟ್ಟುಕೊಳ್ಳಬಹುದು, ಇಲ್ಲವೇ ಹಿಂದಿರುಗಿಸಬಹುದು. ಹಿಂದಿರುಗಿಸುವಾಗ ತಾನು ಪಡೆದ ಹಾಲಿಗೆ ಬದಲಾಗಿ ಒಂದು ಸಾಅ್ ಖರ್ಜೂರವನ್ನೂ ಕೊಡಬೇಕು ಎಂದು ಕಲಿಸಿದರು. ಬುಖಾರಿ, ಮುಸ್ಲಿಂ ಎರಡರಲ್ಲೂ ಈ ಹದೀಸ್ ಇದೆ. ನೀರು ತುಂಬಿಸಿ ತಂಪು ಹೊತ್ತಿನಲ್ಲಿ ಒಯ್ದ ನಮ್ಮ ಕಾರಿಗೂ ಆ ತುಂಬಿದ ಕೆಚ್ಚಲಿಗೂ ಏನು ವ್ಯತ್ಯಾಸ?

ಇಮಾಂ ಗಝಾಲಿಯವರು ಇಹ್ಯಾ ಗ್ರಂಥದಲ್ಲಿ ಉಲ್ಲೇಖಿಸಿದ ಇನ್ನೊಂದು ಘಟನೆ ನಮ್ಮನ್ನು ಮತ್ತಷ್ಟು ಕುಗ್ಗಿಸಿತು. ಒಬ್ಬನು 300 ದಿರ್ಹಮಿಗೆ ಒಂಟೆಯೊಂದನ್ನು ಮಾರಿದನು. ಅಲ್ಲಿದ್ದ ಸ್ವಹಾಬಿ ವಾಸಿಲ ಇಬ್ನು ಅಸ್ಕಅ್ (ರ)ರವರು ಕೊಂಡವನ ಹಿಂದೆ ಓಡಿ, ಒಂಟೆ ಮಾಂಸಕ್ಕೋ ಸವಾರಿಗೋ ಎಂದು ವಿಚಾರಿಸಿದರು. ಸವಾರಿಗೆ ಎಂದಾಗ, ಅದರ ಪಾದದಲ್ಲಿ ರಂಧ್ರವಿದೆ, ದೂರ ನಡೆಯಲಾರದು ಎಂದು ತಿಳಿಸಿದರು. ಮಾರಿದವನು 100 ದಿರ್ಹಮ್ ಕಡಿಮೆ ಮಾಡಬೇಕಾಯಿತು. ಒಂಟೆ ವಾಸಿಲರದ್ದಲ್ಲ, ಲಾಭವೂ ಅವರದ್ದಲ್ಲ. ಆದರೂ ತಿಳಿದದ್ದನ್ನು ಮುಚ್ಚಿಡುವುದು ತಮಗೆ ಹಲಾಲಲ್ಲವೆಂದು ಅವರು ಭಾವಿಸಿದರು. ನಾವಾದರೋ ನಮ್ಮದೇ ವಾಹನದ ದೋಷವನ್ನು ಮುಚ್ಚಿಟ್ಟಿದ್ದೆವು.

ಕರ್ಮಶಾಸ್ತ್ರದ ತೀರ್ಪು ಸ್ಪಷ್ಟವಾಗಿದೆ. ಕೈಸೇರುವ ಮೊದಲೇ ಇದ್ದ, ಕೊಂಡವನಿಗೆ ತಿಳಿದಿರದ ದೋಷ ಹೊರಬಿದ್ದರೆ ಸರಕನ್ನು ಹಿಂದಿರುಗಿಸಿ ಬೆಲೆಯನ್ನು ಮರಳಿ ಪಡೆಯುವ ಹಕ್ಕು ಅವನಿಗಿದೆ. ದೋಷ ತಿಳಿದ ಬಳಿಕವೂ ತನ್ನದೆಂದು ಬಳಸುತ್ತಾ ಹೋದರೆ ಆ ಹಕ್ಕು ಕಳೆದುಹೋಗುತ್ತದೆ; ಶಾಫಿಈ ಮದ್‌ಹಬಿನಲ್ಲಿ ಅನಗತ್ಯವಾಗಿ ತಡಮಾಡುವಂತೆಯೂ ಇಲ್ಲ. ಕೊಂಡವನು ದೊಡ್ಡ ವ್ಯಾಪಾರಿ, ಮಾರಿದವನು ಸಾಮಾನ್ಯ ಗಿರಾಕಿ ಎಂಬ ಭೇದವನ್ನು ಈ ನಿಯಮ ಮಾಡುವುದಿಲ್ಲ.

ದೇಶದ ಕಾನೂನಿನಲ್ಲಿ ವ್ಯಾಪಾರಿಯ ದಾರಿ ಇದಕ್ಕಿಂತ ಕಿರಿದು. ಮರುಮಾರಾಟಕ್ಕಾಗಿ ಕೊಂಡವನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕನಲ್ಲ; ಆದುದರಿಂದ ಅವನು ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು. ಅಲ್ಲಿಯೂ, 1872ರ ಕರಾರು ಕಾಯ್ದೆಯ ಪ್ರಕಾರ ಬರಿಯ ಮೌನ ಸಾಮಾನ್ಯವಾಗಿ ವಂಚನೆಯೆನಿಸದು. ಅದರ 17ನೇ ಕಲಮಿನಲ್ಲಿ ರೋಗವಿರುವ ಕುದುರೆಯ ಉದಾಹರಣೆಯಿದೆ. ಮಾರುವವನು ಏನೂ ಹೇಳದಿದ್ದರೆ ವಂಚನೆಯಲ್ಲ. ಆದರೆ ಕೊಳ್ಳುವವನು, ನೀವು ಅಲ್ಲಗಳೆಯದಿದ್ದರೆ ಕುದುರೆ ಸರಿಯಿದೆಯೆಂದು ಭಾವಿಸುತ್ತೇನೆ ಎಂದಾಗಲೂ ಸುಮ್ಮನಿದ್ದರೆ ಆ ಮೌನವೇ ಮಾತಾಗುತ್ತದೆ. ಸಾಧಾರಣ ಎಚ್ಚರದಿಂದ ದೋಷವನ್ನು ಕಂಡುಹಿಡಿಯಬಹುದಾಗಿತ್ತು ಎಂಬ ವಾದವೂ ವ್ಯಾಪಾರಿಗೆ ಅಡ್ಡ ಬರಬಹುದು.

ಆದುದರಿಂದ ಹಳೆಯ ವಾಹನ ಕೊಳ್ಳುವ ಸಹೋದರರು ಸಂಕೋಚ ಬಿಟ್ಟು ಕೇಳಬೇಕು. ಅಪಘಾತವಾಗಿತ್ತೇ? ನೆರೆನೀರಿನಲ್ಲಿ ಮುಳುಗಿತ್ತೇ? ಇಂಜಿನ್ ಬಿಸಿಯಾಗುವುದೇ? ಮೀಟರ್ ಬದಲಾಗಿದೆಯೇ? ಸಾಲ ಬಾಕಿಯಿದೆಯೇ? ಉತ್ತರಗಳನ್ನು ಬರೆಸಿ ಸಹಿ ಪಡೆಯಬೇಕು. ತಣ್ಣಗಿರುವ ಇಂಜಿನ್ನನ್ನು ತಾವೇ ಚಾಲೂ ಮಾಡಿ, ಏರುದಾರಿಯಲ್ಲಿ ಓಡಿಸಿ ನೋಡಬೇಕು. ದೋಷ ಕಂಡೊಡನೆ ಬಳಕೆ ನಿಲ್ಲಿಸಿ, ಮೆಕ್ಯಾನಿಕನ ಲಿಖಿತ ವರದಿಯೊಂದಿಗೆ ಮಾರಿದವನಿಗೆ ತಿಳಿಸಬೇಕು. ತನಗೆ ಬಿದ್ದ ಪೆಟ್ಟನ್ನು ಮುಂದಿನ ಗಿರಾಕಿಗೆ ದಾಟಿಸುವುದು ಮಾತ್ರ ಪರಿಹಾರವಲ್ಲ.

ಮರುದಿನ ನಾವು ವ್ಯಾಪಾರಿಯ ಮುಂದೆ ಹೋಗಿ, "ಗೊತ್ತಿತ್ತು" ಎಂದೆವು. ಕಾರನ್ನು ಮರಳಿ ಪಡೆದೆವು. ಮಗಳ ಕಾಲೇಜು ಶುಲ್ಕಕ್ಕೆಂದು ಕೂಡಿಟ್ಟ ಹಣವನ್ನು ಮೊದಲು ಕೊಟ್ಟು, ಉಳಿದದ್ದನ್ನು ಮೂರು ಕಂತುಗಳಲ್ಲಿ ತೀರಿಸಿದೆವು. ಘಾಟಿಯಿಂದ ಗಾಡಿ ಎಳೆದು ತಂದ ಖರ್ಚನ್ನೂ ಕೊಡಲು ಹೋದಾಗ ಅವರು ಅರ್ಧವನ್ನು ಹಿಂದಿರುಗಿಸಿ, "ಒಂಬತ್ತು ದಿನ ನಮ್ಮ ಹುಡುಗರೂ ಓಡಿಸಿದ್ದಾರಲ್ಲ" ಎಂದರು. ಹಾಲಿಗೆ ಬದಲಾಗಿ ಕೊಟ್ಟ ಖರ್ಜೂರ ನಮಗೆ ನೆನಪಾಯಿತು. ಮುಂದೆ ಇಂಜಿನ್ ದುರಸ್ತಿ ಮಾಡಿಸಿ, ಆದುದೆಲ್ಲವನ್ನೂ ಕಾಗದದಲ್ಲಿ ಬರೆದು ಆ ಕಾರನ್ನು ಮಾರಿದೆವು. ಸಿಕ್ಕಿದ್ದು 1,15,000 ರೂಪಾಯಿ.

ಈಗಲೂ ಆ ಪಾಠ ಬಂದಾಗ ಅದೇ ಪ್ರಶ್ನೆ ಕೇಳುತ್ತೇವೆ. ಮಕ್ಕಳು "ಅಂಗಡಿಯವರು" ಎಂದಾಗ, ಶಿರಾಡಿ ಘಾಟಿಯಲ್ಲಿ ನಿಂತ ಕಾರಿನ ಕಥೆ ಹೇಳುತ್ತೇವೆ. ಅದರೊಳಗೆ ಆ ದಿನ ಮಕ್ಕಳುಮರಿಗಳಿದ್ದ ಕುಟುಂಬವಿರಲಿಲ್ಲವೆಂಬುದು ಅಲ್ಲಾಹನ ಕೃಪೆ ಮಾತ್ರ, ನಮ್ಮ ಜಾಣತನವಲ್ಲ. ಅವನು ನಮ್ಮೆಲ್ಲರ ಸಂಪಾದನೆಯನ್ನು ಶುದ್ಧಗೊಳಿಸಿ, ಅದರಲ್ಲಿ ಬರಕತ್ ನೀಡಲಿ. ಆಮೀನ್.